ಇಪ್ಪತ್ತು ನಿಮಿಷದ ಕಸೂತಿ: ವಾಸಿಯಾಗದ ಕಾಯಿಲೆಯ ನಡುವೆ ಹವ್ಯಾಸವೊಂದನ್ನು ಉಳಿಸಿಕೊಳ್ಳುವ ಬಗೆ

ಧಾರವಾಡದಲ್ಲಿ ಬೆಳೆದವರಿಗೆ ನಳದ ನೀರಿನ ಲೆಕ್ಕವನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ನೀರು ದಿನವೂ ಬರುತ್ತಿರಲಿಲ್ಲ. ಬಂದ ದಿನ ಹಂಡೆ, ಕೊಡ, ಬಕೀಟು, ಕೊನೆಗೆ ಪಾತೇಲಿಯನ್ನೂ ತುಂಬಿಟ್ಟುಕೊಂಡು, ಮುಂದಿನ ಸರದಿಯವರೆಗೆ ಯಾವ ಕೆಲಸಕ್ಕೆ ಎಷ್ಟು ನೀರು ಎಂಬುದನ್ನು ಮನೆಯ ಹೆಣ್ಣುಮಕ್ಕಳು ಮನಸ್ಸಿನಲ್ಲೇ ಹಂಚಿಬಿಡುತ್ತಿದ್ದರು. ವೈದ್ಯರು ರುಮಟಾಯ್ಡ್ ಸಂಧಿವಾತ ಎನ್ನುವ, ನಮ್ಮ ಕಡೆ ಬರೀ ಕೀಲುಬ್ಯಾನಿ ಎಂದು ಕರೆಯುವ ಕಾಯಿಲೆ ನನಗೆ ಗಂಟುಬಿದ್ದು 11 ವರ್ಷಗಳಾದವು. ಮೈಯ ಶಕ್ತಿಯೂ ಆ ನಳದ ನೀರಿನ ಹಾಗೆಯೇ ಸರದಿಯ ಮೇಲೆ ಬರುವ ವಸ್ತು ಎಂಬುದನ್ನು ಒಪ್ಪಿಕೊಳ್ಳುವುದಕ್ಕೆ ಅವುಗಳಲ್ಲಿ ನಾಲ್ಕು ವರ್ಷ ಹಿಡಿದವು.

ಈ ಕಾಯಿಲೆಯಲ್ಲಿ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪದರದ ಮೇಲೆ ತಿರುಗಿಬೀಳುತ್ತದೆ. ಸಾಮಾನ್ಯವಾಗಿ ಎರಡೂ ಕೈಗಳ ಸಣ್ಣ ಕೀಲುಗಳು ಮೊದಲು ಬಾಯುತ್ತವೆ, ಅಂದರೆ ಸೂಜಿ, ಕುಂಚ, ಲೇಖನಿಗಳನ್ನು ಹಿಡಿಯುವ ಕೀಲುಗಳೇ ಮೊದಲು ಕೈಕೊಡುತ್ತವೆ. ಔಷಧಿಯಿಂದ ಇದನ್ನು ಹತೋಟಿಯಲ್ಲಿ ಇಡಬಹುದಾದರೂ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ನನಗೆ ಕಸೂತಿ ಚಿಕ್ಕಂದಿನಿಂದಲೂ ಬಂದ ವಿದ್ಯೆ. ಅದನ್ನು ಕಳೆದುಕೊಂಡೆನೆಂದುಕೊಂಡು ಮರಳಿ ಪಡೆದ ದಾರಿಯನ್ನು, ಬೇರೆ ಬೇರೆ ಕಾಯಿಲೆಗಳಿರುವವರಿಗೂ ಬೇರೆ ಬೇರೆ ಹವ್ಯಾಸದವರಿಗೂ ಒದಗುವಂತೆ ಇಲ್ಲಿ ಬರೆದಿದ್ದೇನೆ. ಇದು ಚಿಕಿತ್ಸೆಗೆ ಬದಲಿಯಲ್ಲ. ಕೀಲು ಕೆಂಪಾಗಿ, ಬಿಸಿಯಾಗಿ, ಬಾತಿರುವ ದಿನ ಸೂಜಿ ಹಿಡಿಯಲು ನಾನು ಯಾರಿಗೂ ಹೇಳುವುದಿಲ್ಲ.

ಮೊದಲು ಮೂರು ವಾರದ ಲೆಕ್ಕ

ಹವ್ಯಾಸವನ್ನು ಆರಿಸಿಕೊಳ್ಳುವ ಮೊದಲು ನಿಮ್ಮ ದಿನ ಹೇಗಿದೆ ಎಂಬುದನ್ನು ನೀವೇ ಕಂಡುಕೊಳ್ಳಬೇಕು. ಗೋಡೆಯ ಕ್ಯಾಲೆಂಡರಿನ ಚೌಕಗಳೇ ಇದಕ್ಕೆ ಸಾಕು. ಹಾಲಿನ ಲೆಕ್ಕ ಬರೆಯುವ ಜಾಗದಲ್ಲಿ ಮೂರು ಸಂಗತಿಗಳನ್ನು ಬರೆಯಿರಿ. ಬೆಳಿಗ್ಗೆ ಎದ್ದ ಮೇಲೆ ಕೈ ಸಡಿಲವಾಗಲು ಎಷ್ಟು ಹೊತ್ತಾಯಿತು, ದಿನದಲ್ಲಿ ಯಾವ ಹೊತ್ತು ಮೈ ಹಗುರವಾಗಿತ್ತು, ಹಿಂದಿನ ದಿನ ವಿಶೇಷವಾಗಿ ಏನು ಮಾಡಿದ್ದಿರಿ. ಸಂಧಿವಾತದವರಲ್ಲಿ ಬೆಳಗಿನ ಬಿಗಿತ ಅರ್ಧ ಗಂಟೆಯಿಂದ ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಇರುವುದುಂಟು. ನನ್ನ ಕ್ಯಾಲೆಂಡರ್ ಹೇಳಿದ್ದು ಇಷ್ಟು: ಒಂಬತ್ತೂವರೆಯವರೆಗೆ ಕೈ ನನ್ನದಲ್ಲ, ಹನ್ನೊಂದರಿಂದ ಒಂದರವರೆಗೆ ಅದು ನನ್ನದು, ಸಂಜೆ ಐದರ ಮೇಲೆ ಅದು ಯಾರದೂ ಅಲ್ಲ.

ಇನ್ನೊಂದು ಸಂಗತಿಯೂ ಆ ಚೌಕಗಳಿಂದಲೇ ತಿಳಿಯಿತು. ಈ ಕಾಯಿಲೆಗೆ ನಾನು ತೆಗೆದುಕೊಳ್ಳುವ ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ನುಂಗುವ ಗುಳಿಗೆ. (ಇದನ್ನು ತಪ್ಪಿ ದಿನವೂ ತೆಗೆದುಕೊಂಡರೆ ಪ್ರಾಣಕ್ಕೆ ಕುತ್ತು ಬರಬಹುದು, ಮನೆಯಲ್ಲಿ ಗುಳಿಗೆ ಕೊಡುವವರಿಗೂ ಇದು ಗೊತ್ತಿರಲಿ.) ಶನಿವಾರ ರಾತ್ರಿ ನುಂಗಿದರೆ ಭಾನುವಾರವಿಡೀ ಹೊಟ್ಟೆ ತೊಳಸಿ, ತಲೆಯಲ್ಲಿ ಮಂಪರು ತುಂಬಿರುತ್ತಿತ್ತು. ಅದು ತಿಳಿಯದೆ ‘ಭಾನುವಾರ ಬಿಡುವು, ಆಗ ಹಾಕೋಣ’ ಎಂದು ಇಡೀ ವಾರ ಕಾದು, ಅಂದೇ ಎಣಿಕೆ ತಪ್ಪಿ, ಬಟ್ಟೆಯನ್ನು ಮೂಲೆಗೆ ಎಸೆಯುತ್ತಿದ್ದೆ. ಬಿಡುವಿನ ದಿನವೂ ಒಳ್ಳೆಯ ದಿನವೂ ಒಂದೇ ಅಲ್ಲ ಎಂಬುದನ್ನು ಕಾಗದದ ಮೇಲೆ ನೋಡಿದ ಮೇಲೆ ಕೆಲಸವನ್ನು ಮಂಗಳವಾರ, ಗುರುವಾರಗಳಿಗೆ ಬದಲಾಯಿಸಿಕೊಂಡೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಕೀಮೋಥೆರಪಿಯಲ್ಲಿ ಇರುವವರು, ಮೈಗ್ರೇನ್ ಇರುವವರು ಇದೇ ರೀತಿ ತಮ್ಮ ವಾರದ ಏರಿಳಿತವನ್ನು ಗುರುತಿಸಿಕೊಳ್ಳಬಹುದು.

ಯಾವುದನ್ನು ಆರಿಸಿಕೊಳ್ಳಬೇಕು

ಹೆಚ್ಚಿನವರು ‘ನನ್ನಿಂದ ಏನು ಆಗುತ್ತದೆ’ ಎಂದು ಕೇಳಿಕೊಂಡು ಹವ್ಯಾಸವನ್ನು ಆರಿಸುತ್ತಾರೆ. ನನ್ನ ಅನುಭವದಲ್ಲಿ ಅದು ಎರಡನೆಯ ಪ್ರಶ್ನೆ. ಮೊದಲನೆಯದು, ‘ಈ ಕೆಲಸವನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದೇ’ ಎಂಬುದು. ಆರೋಗ್ಯವಂತರಿಗೆ ಕೆಲಸ ಮುಗಿಯುವುದು ಮುಖ್ಯ. ನಮಗೆ ಕೆಲಸ ಅರ್ಧಕ್ಕೆ ಬಿಟ್ಟಾಗ ಕೆಡದೆ ಕಾದು ಕುಳಿತಿರುವುದು ಮುಖ್ಯ. ಹದ ಮಾಡಿದ ಜೇಡಿಮಣ್ಣು ಒಣಗಿಹೋಗುತ್ತದೆ, ಜಲವರ್ಣದ ತೊಳೆತ ನಡುವೆ ಬಿಟ್ಟರೆ ಗೆರೆ ಕಟ್ಟುತ್ತದೆ, ಕರಗಿಸಿದ ಮೇಣ ಗಟ್ಟಿಯಾಗುತ್ತದೆ. ಇವು ಬೇಡವೆಂದಲ್ಲ, ಇವುಗಳನ್ನು ಮಾಡುವುದಾದರೆ ಅಂಗೈಯಗಲದ ಅಳತೆಯಲ್ಲಿ, ಒಂದೇ ಕೂರಿಕೆಗೆ ಮುಗಿಯುವಂತೆ ಮಾಡಬೇಕು.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಕಸೂತಿಯಂಥ ಅನುಕೂಲದ ಕೆಲಸ ಇನ್ನೊಂದಿಲ್ಲ ಎಂದು ಹೇಳಿದರೆ ಊರಿನ ಅಭಿಮಾನ ಎಂದುಕೊಳ್ಳಬೇಡಿ, ಅದೂ ಸ್ವಲ್ಪ ಇರಬಹುದು. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲುಗಳನ್ನು ಎಬ್ಬಿಸುತ್ತಾರೆ. ಹೊಲಿಗೆಗಳು ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತೆ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದರಂತೆ ಗೆರೆ ಹಾಕುತ್ತ ಹೋಗಿ, ಮರಳಿ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಬರುತ್ತದೆ. ಹೀಗಾಗಿ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಮುರ್ಗಿ ಅದೇ ಕ್ರಮದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುತ್ತದೆ. ನೇಗಿ ನೇಯ್ದಂತೆ ಕಾಣುವ ಉದ್ದ ಎಳೆಯ ಹೊಲಿಗೆ. ಮೆಂತೆ ಎಂದರೆ ಅಡ್ಡಡ್ಡ ದಾಟುವ ಹೊಲಿಗೆ, ಮೆಂತ್ಯದ ಕಾಳಿನಂತೆ ದಟ್ಟವಾಗಿ ಕೂರುತ್ತದೆ. ಒಂದು ಮೆಟ್ಟಿಲು ಮುಗಿದಲ್ಲಿ ನಿಲ್ಲಿಸಬಹುದು, ಒಂದು ಹೋಗು ಮುಗಿದಲ್ಲಿ ನಿಲ್ಲಿಸಬಹುದು. ಬರುವಿಕೆಯನ್ನು ಎಂಟು ದಿನ ಬಿಟ್ಟು ಹಾಕಿದರೂ ಬಟ್ಟೆ ದೂರುವುದಿಲ್ಲ.

ಕೌದಿಯೂ ಇದೇ ಬಗೆಯದು, ಆದರೆ ನನ್ನಂಥವರಿಗೆ ಒಂದು ತೊಡಕಿದೆ. ಹಳೆಯ ಸೀರೆ, ಧೋತರಗಳ ಹಲವು ಪದರಗಳನ್ನು ಸೂಜಿಯಿಂದ ತೂರಿಸುವಾಗ ಹೆಬ್ಬೆರಳು ಮತ್ತು ತೋರುಬೆರಳ ಮೇಲೆ ಬೀಳುವ ಒತ್ತಡ ಬಹಳ. ಕೀಲು ಬಾತವರಿಗೆ ಇಡೀ ಕೌದಿಗಿಂತ ಕೂಸಿನ ಕುಲಾಯಿಯಷ್ಟು ಚಿಕ್ಕ ಅರಿವೆಯೇ ಹಿತ. ಮಲೆನಾಡಿನ ದೀವರ ಸಮುದಾಯದ ಹಸೆ ಚಿತ್ತಾರ ಪುಂಡಿನಾರಿನ ಕುಂಚದಿಂದ, ಅಕ್ಕಿಯ ಬಿಳಿಯಿಂದ ಕೆಮ್ಮಣ್ಣಿನ ಗೋಡೆಯ ಮೇಲೆ ಬರೆಯುವ ಕಲೆ. ಗೋಡೆಯ ಮುಂದೆ ನಿಲ್ಲಲಾಗದವರು ಅದನ್ನೇ ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಕಾಗದಕ್ಕೆ ಇಳಿಸಿಕೊಳ್ಳಬಹುದು.

ಬೇರೆ ಕಾಯಿಲೆಯವರು ತಮ್ಮ ಕಾಯಿಲೆಯ ಸ್ವಭಾವವನ್ನು ನೋಡಿಕೊಂಡು ಆರಿಸಬೇಕು. ಅಸ್ತಮಾ ಇರುವವರಿಗೆ ಎಣ್ಣೆಬಣ್ಣಕ್ಕೆ ಬೆರೆಸುವ ಟರ್ಪೆಂಟೈನಿನ ವಾಸನೆಯೂ ರಂಗೋಲಿ ಪುಡಿಯ ಧೂಳೂ ಆಗದೆ ಹೋಗಬಹುದು. ಮಧುಮೇಹದಿಂದ ಬೆರಳ ಸ್ಪರ್ಶಜ್ಞಾನ ಮಂದವಾದವರು ಬಿಸಿ ಅಂಟಿನ ಗನ್ನು, ಚೂಪಾದ ಕಟರುಗಳಿಂದ ದೂರವಿರುವುದು ಲೇಸು, ಏಕೆಂದರೆ ಗಾಯವಾದದ್ದು ತಿಳಿಯುವುದೂ ತಡ, ಮಾಯುವುದೂ ತಡ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈಬರಹ ಕಿರಿದಾಗುತ್ತ ಹೋಗುವುದರಿಂದ ದೊಡ್ಡ ಹಾಳೆ, ದಪ್ಪ ಕುಂಚ, ಇಡೀ ತೋಳು ಬೀಸಿ ಎಳೆಯುವ ಗೆರೆಗಳು ಒಗ್ಗುತ್ತವೆ. ಡಯಾಲಿಸಿಸ್ಸಿಗೆ ಕೂತವರ ಒಂದು ಕೈ ಸುಮಾರು ನಾಲ್ಕು ಗಂಟೆ ಅಲ್ಲಾಡುವಂತಿಲ್ಲ. ಇನ್ನೊಂದು ಕೈಯಿಂದ ಫೋನಿನಲ್ಲೇ ಕತೆ ಬರೆಯುವುದು, ಚಿತ್ರ ಬಿಡಿಸುವುದು, ಬರಿಯ ಕಿವಿಯಿಂದ ಗಮಕವನ್ನೋ ಸಂಗೀತವನ್ನೋ ಕಲಿಯುವುದು ಸಾಧ್ಯ. ಲೂಪಸ್ (ರೋಗನಿರೋಧಕ ವ್ಯವಸ್ಥೆ ನಮ್ಮ ಮೈಯ ಮೇಲೆಯೇ ತಿರುಗಿಬೀಳುವ ಇನ್ನೊಂದು ಕಾಯಿಲೆ) ಇರುವವರಿಗೆ ಬಿಸಿಲು ಶತ್ರುವಾದ್ದರಿಂದ ಕೈತೋಟದ ಕೆಲಸವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಬೇಕು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ತೆಗೆದುಕೊಳ್ಳುವ ನಮ್ಮಂಥವರೆಲ್ಲ ಮಣ್ಣು ಮುಟ್ಟುವಾಗ ಕೈಗವಸು ಹಾಕಿಕೊಳ್ಳಬೇಕು, ಸೂಜಿ ಚುಚ್ಚಿದರೆ ತೊಳೆದುಕೊಳ್ಳದೆ ಬಿಡಬಾರದು.

ಎಷ್ಟು ಹೊತ್ತು ಎಂಬ ಪ್ರಶ್ನೆ

ಐದನೆಯ ವರ್ಷದ ಗಣೇಶ ಚೌತಿಯ ಹಿಂದಿನ ವಾರ ನನಗೆ ಅಪರೂಪಕ್ಕೆ ಕೈ ಬಹಳ ಹಗುರವಾಗಿತ್ತು. ಮಂಟಪಕ್ಕೊಂದು ಕಸೂತಿ ತೋರಣ ಹಾಕೋಣವೆಂದು ಮಧ್ಯಾಹ್ನ ಕೂತವಳು ರಾತ್ರಿ ಒಂದು ಗಂಟೆಗೆ ಎದ್ದೆ. ನಡುವೆ ಅವ್ವ ಎರಡು ಸಲ ಬಂದು, “ಇಡು ಕೆಳಗ. ಅರಿವಿ ಎಲ್ಲಿಗೂ ಓಡಿ ಹೋಗಂಗಿಲ್ಲ” ಎಂದು ಹೇಳಿ ಹೋಗಿದ್ದಳು. ಚೌತಿಯ ದಿನ ತೋರಣ ಮಂಟಪದಲ್ಲಿತ್ತು, ನಾನು ಹಾಸಿಗೆಯಲ್ಲಿದ್ದೆ. ಚಹಾದ ಲೋಟ ಹಿಡಿಯಲು ಐದು ದಿನ ಬೇಕಾದವು. ಒಳ್ಳೆಯ ದಿನದಲ್ಲಿ ಸಾಲ ಎತ್ತಿ ಕೆಟ್ಟ ದಿನಗಳಲ್ಲಿ ಬಡ್ಡಿ ಕಟ್ಟುವ ಈ ಚಕ್ರದಲ್ಲಿ ಸಿಕ್ಕಿಬೀಳದ ದೀರ್ಘಕಾಲದ ರೋಗಿಯನ್ನು ನಾನು ಕಂಡಿಲ್ಲ. ಸಂತೋಷ ಹೆಚ್ಚಿದಷ್ಟೂ ಇದರ ಅಪಾಯ ಹೆಚ್ಚು, ಏಕೆಂದರೆ ಮನಸ್ಸು ತಲ್ಲೀನವಾದಾಗ ನೋವಿನ ಕಡೆಗೆ ಗಮನ ಹೋಗುವುದಿಲ್ಲ. ಹವ್ಯಾಸ ನಮಗೆ ಕೊಡುವ ವರವೇ ಅದು. ಅಳತೆ ತಪ್ಪಿದರೆ ಪೆಟ್ಟು ಕೊಡುವುದೂ ಅದೇ.

ಆದ್ದರಿಂದ ಅಳತೆಯನ್ನು ಮನಸ್ಸಿನ ಕೈಗೆ ಕೊಡದೆ ಗಡಿಯಾರದ ಕೈಗೆ ಕೊಡಬೇಕು. ಒಂದು ಸಾಧಾರಣ ದಿನ, ಒಂದು ಒಳ್ಳೆಯ ದಿನ, ಒಂದು ಅಷ್ಟೇನೂ ಚೆನ್ನಾಗಿಲ್ಲದ ದಿನ, ಹೀಗೆ ಮೂರು ದಿನ ಕೂತು, ನೋವು ಅಥವಾ ದಣಿವು ತಲೆಯೆತ್ತಲು ಎಷ್ಟು ನಿಮಿಷವಾಯಿತು ಎಂದು ನೋಡಿಕೊಳ್ಳಿ. ನನ್ನ ಲೆಕ್ಕ 25, 35, 15 ನಿಮಿಷ ಬಂತು, ಸರಾಸರಿ 25. ಅದರಲ್ಲಿ ಐದನೆಯ ಒಂದು ಭಾಗವನ್ನು ಕಳೆದು 20 ನಿಮಿಷ ಎಂದು ಇಟ್ಟುಕೊಂಡೆ. ಈ ಕಳೆದ ಐದು ನಿಮಿಷವೇ ಎಲ್ಲಕ್ಕಿಂತ ಮುಖ್ಯ: ನೋವು ಬಂದ ಮೇಲೆ ನಿಲ್ಲಿಸಿದರೆ ಕೆಲಸಕ್ಕೂ ನೋವಿಗೂ ಮನಸ್ಸು ಗಂಟು ಹಾಕಿಕೊಳ್ಳುತ್ತದೆ, ನೋವು ಬರುವ ಮೊದಲೇ ನಿಲ್ಲಿಸಿದರೆ ನಾಳೆ ಮತ್ತೆ ಕೂರಬೇಕೆಂಬ ಆಸೆ ಉಳಿಯುತ್ತದೆ. ಒಳ್ಳೆಯ ದಿನವೂ ಅಷ್ಟೇ ಹೊತ್ತು. ಕೈ ಇನ್ನೂ ಕೇಳುತ್ತಿದ್ದರೆ ಅರ್ಧ ಗಂಟೆ ಬಿಟ್ಟು ಇನ್ನೊಂದು ಸರದಿ ಕೂರಬಹುದು, ಆದರೆ ಎರಡು ಸರದಿಗಳನ್ನು ಬೆಸೆಯಬಾರದು.

ಮಿತಿ ಮೀರಿತೇ ಎಂದು ತಿಳಿಯಲು ಕೀಲುಬ್ಯಾನಿಯವರಿಗೆ ಹೇಳಿಕೊಡುವ ಸುಲಭದ ಗುರುತೊಂದಿದೆ. ಕೆಲಸ ಬಿಟ್ಟು ಎರಡು ಗಂಟೆಯಾದರೂ ಕೀಲು ಮೊದಲಿಗಿಂತ ಹೆಚ್ಚು ನೋಯುತ್ತಿದ್ದರೆ ಆ ದಿನ ಹೆಚ್ಚಾಯಿತು ಎಂದರ್ಥ, ಮುಂದಿನ ಸಲ ಕಡಿಮೆ ಮಾಡಬೇಕು. ಸರಿಹೋದರೆ ಎರಡು ಮೂರು ವಾರಕ್ಕೊಮ್ಮೆ ಎರಡೆರಡು ನಿಮಿಷ ಏರಿಸಬಹುದು. ಫೋನಿನ ಅಲಾರಂ ಬಡಿದರೆ ‘ಇನ್ನೊಂದೇ ಸಾಲು’ ಎಂದು ಅದನ್ನು ಒತ್ತಿ ಸುಮ್ಮನಾಗಿಸುವ ಚಟ ನನಗಿತ್ತು. ಈಗ ಒಲೆಯ ಮೇಲೆ ಬೇಳೆ ಇಟ್ಟು ಕೂರುತ್ತೇನೆ. ಕುಕ್ಕರಿನ ಸೀಟಿಯನ್ನು ಒತ್ತಿ ಸುಮ್ಮನಾಗಿಸಲಾಗುವುದಿಲ್ಲ, ಎದ್ದು ಹೋಗಲೇಬೇಕು.

ಸಾಮಾನು ಸರಂಜಾಮು

ದುಬಾರಿ ಸಾಮಾನಿನ ಅಗತ್ಯವಿಲ್ಲ. ಕೈ ಹಿಡಿಯುವ ಜಾಗ ದಪ್ಪವಿರಬೇಕು, ಬೆರಳು ಚಿವುಟುವ ಕೆಲಸ ಕಡಿಮೆಯಾಗಬೇಕು, ಇವೆರಡೇ ಸೂತ್ರ. ತೆಳ್ಳಗಿನ ಕುಂಚ, ಪೆನ್ಸಿಲ್, ಕ್ರೋಶಾ ಕಡ್ಡಿಗಳಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನೋ ಹತ್ತಿಯ ಬಟ್ಟೆಯನ್ನೋ ಹೆಬ್ಬೆರಳ ಗಾತ್ರಕ್ಕೆ ಸುತ್ತಿಕೊಳ್ಳಿ. ಚೌಕಟ್ಟನ್ನು ಎಡಗೈಯಲ್ಲಿ ಹಿಡಿದು ಹಾಕುವುದು ನೋವಿನ ಮೂಲ, ಹಾಗಾಗಿ ಕ್ಲಿಪ್ಪಿನಿಂದ ಮೇಜಿನ ಅಂಚಿಗೆ ಕಚ್ಚಿಸಬೇಕು ಇಲ್ಲವೇ ಕಾಲಿರುವ ಚೌಕಟ್ಟನ್ನು ಬಳಸಬೇಕು. ಕತ್ತರಿಯಲ್ಲಿ ತಾನೇ ತೆರೆದುಕೊಳ್ಳುವ ಸ್ಪ್ರಿಂಗಿನದು ಸಿಗುತ್ತದೆ. ಮೊಣಕೈಗಳ ಕೆಳಗೆ ಒಂದೊಂದು ದಿಂಬು, ಕಾಲು ನೆಲಕ್ಕೆ ಮುಟ್ಟುವ ಕುರ್ಚಿ, ಎಡಗಡೆಯಿಂದ ಬರುವ ಬೆಳಕು ಇದ್ದರೆ ಕತ್ತು ಬಗ್ಗುವುದು ತಪ್ಪುತ್ತದೆ.

ಬಟ್ಟೆಯ ವಿಷಯದಲ್ಲಿ ನಾನು ಸೋಲೊಪ್ಪಿಕೊಂಡಿದ್ದೇನೆ. ಇಳಕಲ್ ಸೀರೆಯ ನಯವಾದ ಎಳೆಗಳನ್ನು ಬರಿಗಣ್ಣಿನಿಂದ ಎಣಿಸುವ ಕಾಲ ಮುಗಿಯಿತು. ಈಗ ಎಳೆ ಎದ್ದು ಕಾಣುವ ಮ್ಯಾಟಿ ಬಟ್ಟೆಯ ಮೇಲೆ, ಮೊಂಡು ತುದಿಯ, ಅಗಲ ಕಣ್ಣಿನ ಸೂಜಿಯಿಂದ ಹಾಕುತ್ತೇನೆ. ಮೊಂಡು ಸೂಜಿ ಎಳೆಯನ್ನು ಸೀಳದೆ ನಡುವಿನ ತೂತಿನಲ್ಲೇ ಇಳಿಯುತ್ತದೆ, ಬೆರಳಿಗೂ ಚುಚ್ಚುವುದಿಲ್ಲ. ಸೂಜಿಗೆ ದಾರ ಪೋಣಿಸುವುದು ಇಡೀ ಕೆಲಸದಲ್ಲಿ ಅತ್ಯಂತ ತ್ರಾಸಿನದಾದ್ದರಿಂದ ಕೈ ಚೆನ್ನಾಗಿರುವ ದಿನ ಹತ್ತು ಸೂಜಿಗೆ ಎರಡೆರಡು ಎಳೆ ದಾರ ಪೋಣಿಸಿ ಸ್ಪಂಜಿನ ತುಂಡಿಗೆ ಚುಚ್ಚಿ ಇಡುತ್ತೇನೆ. ಸೊಸೆಯೋ ಮೊಮ್ಮಗನೋ ಇದ್ದರೆ ಅವರ ಕೈಯಿಂದ ಪೋಣಿಸಿಕೊಂಡರೂ ಕಸೂತಿ ನಿಮ್ಮದೇ. ಕೀಲುಬ್ಯಾನಿಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆ ಕೆಲವರ ಕಣ್ಣಿಗೆ ತೊಂದರೆ ಮಾಡಬಹುದಾದ್ದರಿಂದ ಅದನ್ನು ತೆಗೆದುಕೊಳ್ಳುವವರು ವೈದ್ಯರು ಹೇಳಿದ ಕಾಲಕ್ಕೆ ಕಣ್ಣಿನ ತಪಾಸಣೆ ಮಾಡಿಸಬೇಕು, ದಾರದ ಬಣ್ಣ ಗುರುತಿಸುವುದು ಕಷ್ಟವಾದರೆ ವಯಸ್ಸಾಯಿತೆಂದು ಸುಮ್ಮನಿರಬಾರದು.

ಕೂರುವ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಕೈ ಇಟ್ಟು, ಬೆರಳುಗಳನ್ನು ನಿಧಾನವಾಗಿ ಮಡಚಿ ಬಿಚ್ಚಿದರೆ ಬಿಗಿತ ಸಡಿಲುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ದಾರಿ ತೋರಿಸುವ ತಜ್ಞರು) ಇದ್ದರೆ ನಿಮ್ಮ ಹವ್ಯಾಸದ ಸಾಮಾನನ್ನೇ ಚೀಲದಲ್ಲಿ ತೆಗೆದುಕೊಂಡು ಹೋಗಿ ತೋರಿಸಿ. ‘ಕೈ ನೋಯುತ್ತದೆ’ ಎಂದು ಹೇಳುವುದಕ್ಕಿಂತ ಸೂಜಿ ಹಿಡಿದು ತೋರಿಸಿದಾಗ ಅವರಿಗೆ ಯಾವ ಬೆರಳಿಗೆ ಆಧಾರಪಟ್ಟಿ ಬೇಕೆಂಬುದು ತಿಳಿಯುತ್ತದೆ.

ಫ್ರಾನ್ಸಿನ ಚಿತ್ರಕಾರ ರೆನ್ವಾರ್‌ನಿಗೂ ಇದೇ ಕಾಯಿಲೆ ಇತ್ತು. 1841ರಲ್ಲಿ ಹುಟ್ಟಿದ ಆತನನ್ನು ಐವತ್ತರ ಆಸುಪಾಸಿನಲ್ಲಿ ಹಿಡಿದ ಸಂಧಿವಾತ 1919ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಕೊನೆಯ ವರ್ಷಗಳಲ್ಲಿ ಬೆರಳುಗಳು ಸೊಟ್ಟಗಾಗಿ, ಗಾಲಿಕುರ್ಚಿಯಲ್ಲೇ ಕೂತು ಚಿತ್ರ ಬರೆದ. ಕೈಗೆ ಕುಂಚವನ್ನು ಕಟ್ಟಿಸಿಕೊಳ್ಳುತ್ತಿದ್ದ ಎಂಬ ಕತೆ ಪ್ರಚಾರದಲ್ಲಿದೆ, ಆದರೆ ಆ ಪಟ್ಟಿ ಮಡಚಿದ ಬೆರಳಿನಿಂದ ಅಂಗೈಯ ಚರ್ಮ ಹುಣ್ಣಾಗದಿರಲೆಂದು ಸುತ್ತಿದ್ದದ್ದು. ಕುಂಚವನ್ನು ಬೇರೆಯವರು ಕೈಯೊಳಗೆ ಇಟ್ಟುಕೊಡುತ್ತಿದ್ದರು. ನನಗೆ ಅದಕ್ಕಿಂತ ಹಿಡಿಸಿದ್ದು ಇನ್ನೊಂದು ಸಂಗತಿ. ದೊಡ್ಡ ಚಿತ್ರಗಳಿಗೆ ಆತ ಕ್ಯಾನ್ವಾಸನ್ನು ಉರುಳೆಗಳಿಗೆ ಸುತ್ತಿಸಿ, ತನ್ನ ಕೈ ನಿಲುಕುವ ಜಾಗಕ್ಕೆ ಚಿತ್ರವನ್ನೇ ತಿರುಗಿಸಿ ತರಿಸಿಕೊಳ್ಳುತ್ತಿದ್ದ. ಫ್ರಾನ್ಸಿನ ಇನ್ನೊಬ್ಬ ಚಿತ್ರಕಾರ ಮಾತೀಸ್ 1941ರ ದೊಡ್ಡ ಶಸ್ತ್ರಚಿಕಿತ್ಸೆಯ ಮೇಲೆ ಹೆಚ್ಚು ಹೊತ್ತು ನಿಲ್ಲಲಾಗದೆ ಕುಂಚವನ್ನು ಬದಿಗಿಟ್ಟು, ಸಹಾಯಕರು ಬಣ್ಣ ಬಳಿದುಕೊಟ್ಟ ಕಾಗದವನ್ನು ಕತ್ತರಿಯಿಂದ ಕತ್ತರಿಸುತ್ತ ಹೊಸದೊಂದು ಕಲೆಯನ್ನೇ ಹುಟ್ಟಿಸಿದ. ಇವರಿಬ್ಬರಿಗೂ ಸಹಾಯಕರಿದ್ದರು, ನಮಗಿಲ್ಲ ಎಂಬುದು ನಿಜ. ಆದರೆ ಕೈ ಹೋದಲ್ಲಿಗೆ ಕೆಲಸವನ್ನು ಕರೆತರುವ ಉಪಾಯಕ್ಕೆ ದುಡ್ಡು ಬೇಕಿಲ್ಲ. ಈಗ ನಾನು ಉದ್ದದ ಬಟ್ಟೆಯನ್ನು ಹರವಿಕೊಂಡು ಅದರ ಮೇಲೆ ಬಾಗುವುದಿಲ್ಲ, ಲಟ್ಟಣಿಗೆಗೆ ಸುತ್ತಿ ಗೇಣಿನಷ್ಟನ್ನೇ ಬಿಚ್ಚಿಕೊಳ್ಳುತ್ತೇನೆ.

ಮಲಗಿದ ದಿನದ ಡಬ್ಬಿ

ಹವ್ಯಾಸ ಕೈತಪ್ಪುವುದು ಹೆಚ್ಚಾಗಿ ಕೆಟ್ಟ ವಾರದ ಮಗ್ಗುಲಲ್ಲಿ. ಎಂಟು ದಿನ ಮುಟ್ಟದಿದ್ದರೆ ಒಂಬತ್ತನೆಯ ದಿನ ಅದು ಪರರದ್ದು ಅನ್ನಿಸುತ್ತದೆ. ಅದಕ್ಕಾಗಿ ಕೈ ಆಡದ ದಿನಕ್ಕೂ ಏನಾದರೊಂದು ಇರಬೇಕು. ನನ್ನದು ಬಿಸ್ಕತ್ತಿನ ಹಳೆಯ ಡಬ್ಬಿ. ಹಾಸಿಗೆಯಿಂದ ಕೈಗೆಟಕುವ ಹಾಗೆ ಇರುತ್ತದೆ. ಅದರೊಳಗೆ ದಾರದ ಲಡಿಗಳು, ಚೌಕಳಿ ಹಾಳೆ, ಬಣ್ಣದ ಪೆನ್ಸಿಲ್ ಎರಡು, ಅಜ್ಜಿಯ ಕಪ್ಪು ಚಂದ್ರಕಾಳಿ ಸೀರೆಯ ಸೆರಗಿನಿಂದ ಉಳಿದ ಒಂದು ತುಂಡು. ಬಣ್ಣಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವುದು, ಕಪ್ಪಿನ ಮೇಲೆ ಕುಂಕುಮದ ಕೆಂಪು ಹೇಗೆ ಕೂರುತ್ತದೆಂದು ಆ ತುಂಡಿನಲ್ಲಿ ನೋಡುವುದು, ಮನಸ್ಸಾದರೆ ಚೌಕಳಿಯಲ್ಲಿ ನಾಲ್ಕು ಮನೆ ತುಂಬುವುದು. ಅಜ್ಜಿ ತೇರಿನ ಒಂದು ಗಾಲಿಯನ್ನು ಇನ್ನೊಂದಕ್ಕಿಂತ ಎರಡು ಎಳೆ ಚಿಕ್ಕದಾಗಿ ಹಾಕಿದ್ದಾಳೆಂಬುದನ್ನು ನಾನು ಕಂಡುಹಿಡಿದದ್ದು ಅಂಥ ಒಂದು ದಿನವೇ, ಸೀರೆ ಮನೆಯಲ್ಲಿ ಅರವತ್ತು ವರ್ಷ ಇದ್ದ ಮೇಲೆ.

ಬರೆಯುವವರ ಡಬ್ಬಿಯಲ್ಲಿ ಫೋನಿಗೆ ಮಾತಿನಲ್ಲೇ ಹೇಳಿ ಬರೆಸುವ ಸೌಲಭ್ಯವಿರಲಿ. ಅದು ಈಗ ಕನ್ನಡದಲ್ಲೂ ಸಾಕಷ್ಟು ಚೆನ್ನಾಗಿ ನಡೆಯುತ್ತದೆ. ಹಾಡುವವರಿಗೆ ಕೇಳುವುದೇ ಅಭ್ಯಾಸ. ಅದೂ ಬೇಡವೆನ್ನಿಸಿದ ದಿನ ಡಬ್ಬಿಯನ್ನು ಮುಚ್ಚಿಡಿ.

ರೊಟ್ಟಿಯ ಪ್ರಶ್ನೆ

ಇನ್ನು ಸೂಜಿಗಿಂತ ಚೂಪಾದ ಸಂಗತಿ. ಒಮ್ಮೆ ಮನೆಗೆ ಬಂದ ನಮ್ಮ ಯಜಮಾನರ ಸೋದರತ್ತೆ, ನಾನು ಕಸೂತಿ ಹಾಕುವುದನ್ನು ಐದು ನಿಮಿಷ ನೋಡಿ, “ಕಸೂತಿ ಹಾಕಾಕ ಬರೂ ಕೈಗೆ ರೊಟ್ಟಿ ಬಡಿಯಾಕ ಯಾಕವಾ ಬರಂಗಿಲ್ಲ?” ಎಂದರು. ಅವರು ಕೆಟ್ಟವರಲ್ಲ. ಹೊರಗಿನಿಂದ ನೋಡಿದವರಿಗೆ ಕೈ ಎಂದರೆ ಒಂದೇ ಕೈ. ಆದರೆ ಆ ಒಂದು ಮಾತಿನ ಮೇಲೆ ನಾನು ಎರಡು ತಿಂಗಳು ಸೂಜಿ ಮುಟ್ಟಲಿಲ್ಲ, ಮುಟ್ಟಿದರೂ ಬಾಗಿಲು ಹಾಕಿಕೊಂಡು. ಈ ಕಾಯಿಲೆಗಳಲ್ಲಿ ನಮ್ಮ ಸಂತೋಷವೇ ನಮ್ಮ ವಿರುದ್ಧ ಸಾಕ್ಷಿಯಾಗಿಬಿಡುತ್ತದೆ. ನಗುತ್ತಿದ್ದರೆ ನೋವಿಲ್ಲ, ಚಿತ್ರ ಬರೆದರೆ ಆಫೀಸಿಗೂ ಹೋಗಬಹುದಿತ್ತು, ಹಾಡಿದರೆ ಉಬ್ಬಸ ಸುಳ್ಳು. ಅನೇಕರು ಹವ್ಯಾಸವನ್ನು ಬಿಡುವುದು ನೋವಿನಿಂದಲ್ಲ, ಈ ಅಂಜಿಕೆಯಿಂದ.

ಇದಕ್ಕೆ ಮೊದಲು ನಮಗೆ ನಾವೇ ಉತ್ತರ ಹೇಳಿಕೊಳ್ಳಬೇಕು. ಜೋಳದ ರೊಟ್ಟಿಗೆ ಕುದಿನೀರಿನ ಹಿಟ್ಟನ್ನು ಅಂಗೈಯ ಬುಡದಿಂದ ನಾದಬೇಕು, ಒಂದೊಂದಕ್ಕೂ ಎಷ್ಟೋ ಸಲ ಅಂಗೈ ಬಡಿಯಬೇಕು, ಮಣಿಕಟ್ಟಿನ ಮೇಲೆ ಇಡೀ ತೋಳಿನ ಭಾರ ಬೀಳುತ್ತದೆ, ಮತ್ತು ಹಂಚು ಕಾದಿರುವಾಗ ನಡುವೆ ನಿಲ್ಲಿಸುವಂತಿಲ್ಲ. ಮನೆಮಂದಿ ತಾಟಿನ ಮುಂದೆ ಕೂತಿರುವಾಗ 20 ನಿಮಿಷಕ್ಕೆ ಅಲಾರಂ ಬಡಿಯಿತೆಂದು ಏಳಲಾಗುತ್ತದೆಯೇ? ಕಸೂತಿಯಲ್ಲಿ ಸೂಜಿಯ ತೂಕವೇ ಇಲ್ಲ, ಬೇಕಾದಲ್ಲಿ ನಿಲ್ಲಬಹುದು. ಎರಡೂ ಕೈಕೆಲಸವಾದರೂ ಕೀಲುಗಳ ಲೆಕ್ಕದಲ್ಲಿ ಒಂದಕ್ಕೊಂದು ಸಂಬಂಧವಿಲ್ಲ. ಈ ವಿವರಣೆಯನ್ನು ಮನೆಯವರಿಗೆ ಒಂದು ಸಲ, ಸಿಟ್ಟಿಲ್ಲದ ಹೊತ್ತಿನಲ್ಲಿ, ಕೈ ಹಿಡಿದು ತೋರಿಸಿ ಹೇಳಿ. ನನ್ನ ಯಜಮಾನರಿಗೆ ಅರ್ಥವಾದದ್ದು ಮಾತಿನಿಂದಲ್ಲ, ಎರಡು ರೊಟ್ಟಿ ತಾವೇ ಬಡಿದು ನೋಡಿದ ಮೇಲೆ. ಬಂದುಹೋಗುವ ನೆಂಟರಿಗೆ ಅಷ್ಟು ಹೇಳಬೇಕಾಗಿಲ್ಲ. “ಡಾಕ್ಟರೇ ಹೇಳ್ಯಾರ್ರೀ, ಬೆರಳು ಆಡಸ್ಬೇಕಂತ” ಎಂದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಎರಡನೆಯ ಅಪಾಯ ಮೆಚ್ಚುಗೆಯ ಕಡೆಯಿಂದ ಬರುತ್ತದೆ. ಒಂದು ಬಟ್ಟೆ ಚೆನ್ನಾಗಿ ಬಂದರೆ ‘ಮಗಳ ಮದುವೆಗೆ ಒಂದು ಸೀರೆ ಹಾಕಿಕೊಡಿ, ದುಡ್ಡು ಕೊಡುತ್ತೇವೆ’ ಎನ್ನುವವರು ಹುಟ್ಟಿಕೊಳ್ಳುತ್ತಾರೆ. ದುಡ್ಡಿನ ಅಗತ್ಯವಿರುವವರಿಗೆ ನಾನು ಬೇಡವೆನ್ನಲಾರೆ. ಆದರೆ ಮದುವೆಗೆ ಮುಹೂರ್ತವಿರುತ್ತದೆ, ಕಾಯಿಲೆಗೆ ಇರುವುದಿಲ್ಲ. ಒಪ್ಪುವುದಾದರೆ ಮುಗಿದ ಮೇಲೆ ಮಾರಬೇಕು, ಮಾರಿದ ಮೇಲೆ ಮುಗಿಸಲು ಕೂರಬಾರದು. ತಾರೀಖು ಕೇಳಿದವರಿಗೆ ಇಲ್ಲವೆಂದು ಹೇಳಲು ನನಗೆ ಈಗ ನಾಚಿಕೆಯಿಲ್ಲ.

ಹಳೆಯ ಕೈಯ ನೆನಪು

ಕಾಯಿಲೆಗೆ ಮೊದಲೇ ಒಂದು ವಿದ್ಯೆಯಲ್ಲಿ ಪಳಗಿದ್ದವರಿಗೆ ಹೊಸದಾಗಿ ಕಲಿಯುವವರಿಗಿಂತ ಕಷ್ಟ ಹೆಚ್ಚು. ನನ್ನ ಬಳಿ ಕಾಯಿಲೆಗೆ ಹಿಂದಿನ ಒಂದು ಕುಪ್ಪಸದ ಕಣವಿದೆ; ಅದರ ಗವಂತಿಯಲ್ಲಿ ಹೋದದ್ದು ಯಾವುದು, ಬಂದದ್ದು ಯಾವುದು ಎಂದು ಹಿಂದೆ ಮುಂದೆ ತಿರುಗಿಸಿದರೂ ಹೇಳಲಾಗುವುದಿಲ್ಲ. ಈಗಿನ ಬಟ್ಟೆಯಲ್ಲಿ ಅಲ್ಲಲ್ಲಿ ಎಳೆ ಬಿಗಿಯಾಗಿ, ಅಲ್ಲಲ್ಲಿ ಸಡಿಲವಾಗಿ, ಯಾವ ದಿನ ಕೈ ಹೇಗಿತ್ತೆಂಬುದು ಓದಲು ಸಿಗುತ್ತದೆ. ಬಹಳ ದಿನ ನಾನು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಿದ್ದೆ, ನೋಡಿ ಬಿಚ್ಚಿಹಾಕುತ್ತಿದ್ದೆ. ಬಿಚ್ಚುವುದಕ್ಕೆ ಹಾಕುವುದಕ್ಕಿಂತ ಹೆಚ್ಚು ಚಿವುಟಬೇಕು, ಕೀಲಿಗೆ ಎರಡು ಪಟ್ಟು ದಂಡ.

ಆ ದುಃಖವನ್ನು ಬೇಗ ದಾಟಬೇಕೆಂದು ನಾನು ಹೇಳುವುದಿಲ್ಲ. ಹಳೆಯದನ್ನು ಟ್ರಂಕಿನಲ್ಲಿಡಿ, ಎಸೆಯಬೇಡಿ. ಹಳೆಯ ವಿದ್ಯೆಯ ಬಗಲಲ್ಲೇ ನಿಮಗೆ ಏನೂ ಬಾರದ ಇನ್ನೊಂದನ್ನು ಶುರುಮಾಡಿ, ಹೋಲಿಸಲು ಹಿಂದಿನ ಕೈ ಇರುವುದಿಲ್ಲ. ನಾನು ಐವತ್ಮೂರನೆಯ ವಯಸ್ಸಿನಲ್ಲಿ ಜಲವರ್ಣ ಹಿಡಿದೆ. ನನ್ನ ದಾಸವಾಳಗಳು ಈಗಲೂ ಟೊಮೆಟೊ ಹಣ್ಣಿನಂತಿವೆ, ಅದರಿಂದ ಯಾರಿಗೂ ನಷ್ಟವಿಲ್ಲ. ತಪ್ಪಿದ ಎಣಿಕೆಯ ವಿಷಯದಲ್ಲಿ ಮಾತ್ರ ಒಂದು ನಿಯಮ ಮಾಡಿಕೊಂಡಿದ್ದೇನೆ: ಒಂದು ಎಳೆ ತಪ್ಪಿದ್ದರಿಂದ ಗೋಪುರದ ಎರಡು ಬದಿ ಮೇಲೆ ಕೂಡದೆ ಹೋಗುವುದಾದರೆ ಬಿಚ್ಚಬೇಕು, ಕೂಡುವುದಾದರೆ ಬಿಡಬೇಕು. ಪ್ರತಿ ಸಾಲಿನ ಕೊನೆಗೆ ಒಮ್ಮೆ ಎಣಿಸಿಕೊಂಡರೆ ಬಿಚ್ಚುವ ಪ್ರಸಂಗವೇ ಕಡಿಮೆ.

ಒಂದು ಎಚ್ಚರಿಕೆ. ಕೈ ಚೆನ್ನಾಗಿದ್ದರೂ ಎರಡು ವಾರಗಳಿಂದ ಯಾವುದರಲ್ಲೂ ರುಚಿ ಹುಟ್ಟುತ್ತಿಲ್ಲ, ನಿದ್ದೆ ಹಾರಿಹೋಗಿದೆ, ಬದುಕೇ ಬೇಡವೆನ್ನಿಸುತ್ತಿದೆ ಎಂದಾದರೆ ಅದು ಹವ್ಯಾಸದಿಂದ ಪರಿಹಾರವಾಗುವ ಬೇಸರವಲ್ಲ. ದೀರ್ಘಕಾಲದ ನೋವಿನ ಜೊತೆಗೆ ಖಿನ್ನತೆ ಬರುವುದು ಸಾಮಾನ್ಯ, ಅದಕ್ಕೆ ಚಿಕಿತ್ಸೆಯಿದೆ. ನಿಮ್ಮ ವೈದ್ಯರಿಗೆ ಹೇಳಿ. ಹೊತ್ತಲ್ಲದ ಹೊತ್ತಿನಲ್ಲಿ ಸರಕಾರದ ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಏಳುವ ಮುನ್ನ

ಅಲಾರಂ ಬಡಿದ ಮೇಲೆ ಇನ್ನೊಂದು ನಿಮಿಷದ ಕೆಲಸ ಉಳಿದಿರುತ್ತದೆ, ಅದನ್ನು 20 ನಿಮಿಷದ ಒಳಗೇ ಸೇರಿಸಿಕೊಳ್ಳಿ. ಸೂಜಿಯನ್ನು ಬಟ್ಟೆಯಿಂದ ತೆಗೆಯದೆ ಮುಂದಿನ ತೂತಿನಲ್ಲೇ ಅರ್ಧ ಇಳಿಸಿ ಬಿಡಬೇಕು. ಚಿತ್ರ ಬರೆಯುವವರು ಮುಂದೆ ತುಂಬಬೇಕಾದ ಬಣ್ಣದ ಡಬ್ಬಿಯನ್ನು ಮೇಲಿಡಬೇಕು, ಬರೆಯುವವರು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಬೇಕು. ಆಮೇಲೆ ಮುಂದೇನು ಎಂಬುದನ್ನು ಚೀಟಿಯಲ್ಲಿ ಬರೆದು ಗುಂಡುಪಿನ್ನಿನಿಂದ ಅಂಚಿಗೆ ಚುಚ್ಚಿಡಬೇಕು. ಮುಂದಿನ ಸರದಿ ನಾಳೆಯೋ, ಹತ್ತು ದಿನದ ಮೇಲೋ ಗೊತ್ತಿರುವುದಿಲ್ಲ. ಗುಳಿಗೆಯ ಮಂಪರಿನಲ್ಲಿ ಎದ್ದವರಿಗೆ ‘ಎಲ್ಲಿದ್ದೆ’ ಎಂದು ಹುಡುಕುವುದರಲ್ಲೇ ಅರ್ಧ ಶಕ್ತಿ ಸೋರಿಹೋಗುತ್ತದೆ. ಮೇಜಿನ ಮೇಲಿರುವ ನನ್ನ ಬಟ್ಟೆಯ ಚೀಟಿಯಲ್ಲಿ ಹೋದ ಗುರುವಾರ ಬರೆದದ್ದು ಹೀಗಿದೆ: “ತುಳಸಿಕಟ್ಟೆ, ಎಡಗಡೆಯ ಮೆಟ್ಟಿಲು. ಹೋಗು ಮುಗಿದಿದೆ, ಬರುವುದು ಬಾಕಿ. ಬಲಕ್ಕೆ 4 ಎಳೆ. ಹಸಿರು ದಾರ ತರಿಸಬೇಕು.”